ಮುಳುಗದ ಬೆಣ್ಣೆ

ಭಾನುವಾರ, ಮಧ್ಯಾಹ್ನ

ಹಾಸಿಗೆ ಬಿಟ್ಟೇಳಬಾರದೆಂದು ಅಪ್ಪಣೆಯಾಗಿರುವ ನನ್ನ ಮುದ್ದಿನ ಅಕ್ಕನಿಗೆ,

ಮೊದಲು ಗಾಬರಿ ಬಿಡು. ಅಮ್ಮ ತಿಂದಳು! ಇನ್ನು ಹೊಟ್ಟೆಯಲ್ಲಿರುವ ಕೂಸಿನ ಜೊತೆ ನೀನೂ ನೆಮ್ಮದಿಯಾಗಿ ಊಟ ಮಾಡು. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ, ಆದರೆ ನೀನು ಬಿಡುವವಳಲ್ಲ ಅಂತ ನನಗೆ ಗೊತ್ತು.

ಜ್ವರ ಬಿಟ್ಟಮೇಲೆ ಅಮ್ಮ ತಟ್ಟೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ತುಟಿ ಬಿಗಿದುಕೊಂಡು ಕುಳಿತರೆ ಮಾತೂ ಇಲ್ಲ, ತುತ್ತೂ ಇಲ್ಲ. ಸೋಮವಾರದವರೆಗೆ ನೋಡೋಣ, ಆಮೇಲೆ ಮೂಗಿನಲ್ಲಿ ನಳಿಕೆ ಹಾಕಲೇಬೇಕು ಎಂದು ಡಾಕ್ಟರು ಹೇಳಿಹೋಗಿದ್ದರು. ನೀನು ಮಾಡುವ ಬೆಣ್ಣೆ ಬಿಸ್ಕತ್ತನ್ನು ಅವಳು ಬೇಡ ಎಂದದ್ದನ್ನು ನಾನು ಕಂಡೇ ಇಲ್ಲ. ಅದಕ್ಕೇ ಫೋನು ಮಾಡಿ ನಿನ್ನ ಪ್ರಾಣ ತಿಂದದ್ದು. ಒಂದು ಕಪ್ ಬೆಣ್ಣೆ, ಎರಡು ಕಪ್ ಮೈದಾ, ಅರ್ಧ ಕಪ್ ಸಕ್ಕರೆ ಎಂದು ನೀನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಹೇಳುವವರಿಗೇನು!

ಫ್ರಿಜ್ಜಿನಿಂದ ತೆಗೆದ ಗಟ್ಟಿ ಬೆಣ್ಣೆಯನ್ನು ತುಂಡು ಮಾಡಿ ಕಪ್ಪಿಗೆ ತುಂಬಿದೆ. ತುಂಡುಗಳ ಸಂದಿಯಲ್ಲಿ ಬರೀ ಗಾಳಿ. ಬೆಣ್ಣೆ ಸಾಲದೆ ಬಿಸ್ಕತ್ತು ಬೆರಳು ತಾಗಿಸಿದರೆ ಪುಡಿಪುಡಿ. ನಾನು ಹೇಳಿಕೇಳಿ ನೀರು ಪರೀಕ್ಷೆ ಮಾಡುವ ಲ್ಯಾಬಿನವಳು. ಇನ್ನೂರ ನಲವತ್ತು ಮಿಲಿಲೀಟರಿನ ಕಪ್ಪು ಅಂದಮೇಲೆ ಇನ್ನೂರ ನಲವತ್ತು ಗ್ರಾಂ ಎಂದು ಜಂಬದಿಂದ ತೂಗಿ ಹಾಕಿದೆ. ಈ ಸಲ ಬೆಣ್ಣೆ ಹೆಚ್ಚಾಗಿ ಬಿಸ್ಕತ್ತುಗಳು ಒಂದಕ್ಕೊಂದು ಅಂಟುವಷ್ಟು ಹರಡಿಕೊಂಡವು, ಕೈಗೆಲ್ಲ ಜಿಡ್ಡು. ಒಂದು ಮಿಲಿಲೀಟರಿಗೆ ಒಂದು ಗ್ರಾಂ ಎನ್ನುವ ನೀರಿನ ಲೆಕ್ಕ ಬೆಣ್ಣೆಗೂ ನಡೆಯುತ್ತದೆಂದು ನಂಬಿದ ನನ್ನ ಬುದ್ಧಿಗಿಷ್ಟು! ಅಮ್ಮ ಎರಡನ್ನೂ ಮೂಸಿ ನೋಡಿ ಮುಖ ತಿರುಗಿಸಿದಳು. ಬಾಗಿಲ ಹಿಂದೆ ನಿಂತು ಅತ್ತುಬಿಟ್ಟೆ ಕಣೇ.

ಇವತ್ತು ಬೆಳಿಗ್ಗೆ ಹೊಳೆಯಿತು. ಅಡ್ಡಾದಿಡ್ಡಿ ಕಲ್ಲಿನ ಗಾತ್ರವನ್ನು ಶಾಲೆಯಲ್ಲಿ ನೀರಿಗೆ ಹಾಕಿಯೇ ಅಲ್ಲವೇ ನಾವು ನೋಡುತ್ತಿದ್ದದ್ದು? ಗೀಟು ಹಾಕಿದ ಗಾಜಿನ ಜಗ್ಗಿಗೆ ಒಂದು ಕಪ್ ತಣ್ಣೀರು ಸುರಿದು, ಅದು ಎರಡು ಕಪ್ಪಿನ ಗೀಟಿಗೆ ಏರುವವರೆಗೆ ಬೆಣ್ಣೆ ಹಾಕಿದರಾಯಿತು. ಹಾಕಿದೆ. ಬೆಣ್ಣೆ ತೇಲಿತು! ತಲೆ ಹೊರಗಿಟ್ಟುಕೊಂಡು ತೇಲುವುದನ್ನು ಅಳೆಯುವುದು ಹೇಗೆ? ಚಮಚದಿಂದ ಒತ್ತಿದರೆ ಜಾರಿ ಇನ್ನೊಂದು ಕಡೆ ಏಳುತ್ತಿತ್ತು. ಅಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದಳು. ಅಕ್ಕಾ, ಅವಳು ಕೈ ಎತ್ತಿದಳು. ತೋರುಬೆರಳಿನ ತುದಿಯಿಂದ ಆ ಬೆಣ್ಣೆಯನ್ನು ನೀರಿನೊಳಕ್ಕೆ ಒತ್ತಿ ಹಿಡಿದಳು. ನಾನು ಗೀಟು ನೋಡಿದೆ, ಸರಿಯಾಗಿ ಎರಡು ಕಪ್. ಅವಳ ಬೆರಳ ತುದಿಯೂ ಲೆಕ್ಕಕ್ಕೆ ಸೇರಿರಬೇಕು, ಸೇರಲಿ ಬಿಡು.

ಆಮೇಲೆ ಆ ಬೆರಳನ್ನು ಬಾಯಿಗಿಟ್ಟುಕೊಂಡು ಚೀಪಿದಳು. ನಾನು ಅಲುಗಾಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಉಸಿರು ಬಿಗಿಹಿಡಿದು ನಿಂತೆ.

ನೀರು ಬಸಿದು, ಒರೆಸಿ ತೂಗಿದರೆ ಇನ್ನೂರ ಇಪ್ಪತ್ತೈದು ಗ್ರಾಂ. ನಂಬಿಕೆ ಬರದೆ ಇನ್ನೊಂದಿಷ್ಟು ಬೆಣ್ಣೆಯನ್ನು ಮೆತ್ತಗಾಗಿಸಿ, ಸಂದಿಯಿಲ್ಲದಂತೆ ಕಪ್ಪಿಗೆ ಒತ್ತಿ ತುಂಬಿ ತೂಗಿದೆ. ಅದೂ ಹೆಚ್ಚುಕಡಿಮೆ ಅಷ್ಟೇ! ಗಾಳಿಯೊಂದನ್ನು ಹೊರಗಟ್ಟಿದರೆ ಸಾಕು, ಅಷ್ಟು ಜಾಗಕ್ಕೆ ಅಷ್ಟೇ ಭಾರ. ನಿನ್ನ ಮನೆಯಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಯಾರೂ ಹೇಳಿಕೊಡದೆ ಬೆಣ್ಣೆ ಇಷ್ಟು ನಿಯತ್ತಾಗಿರುತ್ತದಲ್ಲ ಎಂದು ತಕ್ಕಡಿಯ ಮುಂದೆ ಬಾಯಿಬಿಟ್ಟುಕೊಂಡು ನಿಂತಿದ್ದೆ. ಇಷ್ಟು ವರ್ಷ ನೀರು ಅಳೆದರೂ ಇಂಥ ಬೆರಗು ನನಗೆ ಆಗಿರಲಿಲ್ಲ.

ಬಿಸ್ಕತ್ತು ಅಂದವಾಗಿ ಬಂತು. ಅಮ್ಮ ಮೊದಲನೆಯದನ್ನು ಪೂರ್ತಿ ತಿಂದು, ಮಡಿಲಲ್ಲಿ ಬಿದ್ದ ಪುಡಿಯನ್ನೂ ಆರಿಸಿಕೊಂಡಳು. ಡಾಕ್ಟರಿಗೆ ಫೋನು ಮಾಡಿದೆ. ಹೀಗೇ ತಿನ್ನುತ್ತಾ ಹೋದರೆ ನಳಿಕೆ ಬೇಡವೇ ಬೇಡ ಎಂದರು. ಭಾವನಿಗೂ ಹೇಳು, ಪಾಪ, ಅವರೂ ನಿದ್ದೆಗೆಟ್ಟಿರಬೇಕು.

ಇಂತಿ,
ಮೈಯೆಲ್ಲ ಮೈದಾ ಮೆತ್ತಿಕೊಂಡಿರುವ
ನಿನ್ನ ತಂಗಿ

ತಾ.ಕ.: ಇದನ್ನು ಬರೆದರೆ ನಿನಗೆ ಕೋಡು ಮೂಡುತ್ತದೆ ಎಂದು ಮುಚ್ಚಿಟ್ಟಿದ್ದೆ, ಆದರೆ ತಡೆಯಲಾಗುತ್ತಿಲ್ಲ. ಜ್ವರ ಬಿಟ್ಟಮೇಲೆ ಅಮ್ಮ ಬಾಯಿಬಿಟ್ಟು ಆಡಿದ ಮೊದಲ ಮಾತು ಏನು ಗೊತ್ತಾ? "ದೊಡ್ಡೋಳು ಮಾಡಿದ್ರೆ ಇನ್ನೂ ಚೆನ್ನಾಗಿರೋದು. ಇನ್ನೊಂದು ಕೊಡು."