ಬೀದರಿನ ಕೊಂಡಿ ಹಿಡಿಯಲಿರುವವರಿಗೆ

ಬೀದರ, ಕ್ರಿ.ಶ. ೨೪೧೭, ಮಾಘದ ಇಪ್ಪತ್ತಾರನೆಯ ದಿನ

ನನ್ನ ನಂತರ ಕೊಂಡಿ ಹಿಡಿಯುವವರೇ, ನೀವು ಹುಟ್ಟುವ ಹೊತ್ತಿಗೆ ಈ ಮಾತುಗಳು ಹಳಸಿರಬಹುದು. ಕ್ಷಮಿಸಿ, ಹಿರಿಯರನ್ನು ಕೇಳಿಕೊಂಡು ಓದಿ.

ಕೊಂಡಿಯೆಂದರೆ ನಮ್ಮೂರಿನ ಕರೆಂಟನ್ನು ದೇಶದ ಉದ್ದ ತಂತಿಗಳಿಂದ ಬಿಡಿಸುವ ಹಿಡಿಕೆ; ಎಳೆದರೆ ಊರಿಗೆಲ್ಲ ಕರೆಂಟು ಹೋಗುತ್ತದೆ. ಸೂರ್ಯ ಕೆರಳಿದಾಗ ಆ ತಂತಿಗಳಲ್ಲಿ ಬೇಡದ ಕರೆಂಟು ನುಗ್ಗುತ್ತದೆ, ಉತ್ತರದ ಆಕಾಶ ಕೆಂಪಾಗುತ್ತದೆ. ಹಿಂದಿನವರು ಆ ಬೆಳಕು ನೋಡಲು ಧ್ರುವದ ಹತ್ತಿರ ಹೋಗುತ್ತಿದ್ದರಂತೆ. ನಮಗೆ ಮನೆಯ ಮಾಳಿಗೆಯೇ ಸಾಕು. ಅಜ್ಜಿಯ ಕಾಲದಲ್ಲಿ ಒಮ್ಮೆ ಕೊಂಡಿ ಎಳೆಯುವುದು ತಡವಾಗಿ, ಯಂತ್ರಗಳೆಲ್ಲ ಸುಟ್ಟು, ಊರು ಮೂರು ವರ್ಷ ಕತ್ತಲಲ್ಲಿ ಕೂತಿತ್ತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿದರು: ಕೆಂಪು ಕಂಡರೆ ಇಪ್ಪತ್ತು ಎಣಿಸುವುದರೊಳಗೆ ಎಳೆಯಬೇಕು, ಯೋಚಿಸಬಾರದು ಎಂದು ನಿಯಮ ಮಾಡಿದರು.

ನನ್ನ ತಂಗಿ ಅಂಬುಬಾಯಿ ಉಸಿರಿನ ಯಂತ್ರದ ಮೇಲಿದ್ದಳು. ಅಂಥ ಮನೆಗೆ ಊರು ಒಬ್ಬ ತಿದಿಯಾಳನ್ನು ಕೊಡುತ್ತದೆ. ಕರೆಂಟು ಹೋದಾಗ ಆತ ಕೈಯಿಂದ ರಬ್ಬರಿನ ತಿದಿ ಒತ್ತಿ ಉಸಿರು ಕೊಡಬೇಕು. ಅವಳಿಗೆ ಬೇರೆಯವರ ಕೈ ಬೇಡ. "ನೀನೇ ಬಾ ಅಕ್ಕಾ, ನಿನ್ನ ಕೈ ಇದ್ರ ನಂಗ ಅಂಜಿಕಿ ಬರಲ್ಲ" ಅಂದಳು. ಒಪ್ಪಿದೆ. ಕೊಂಡಿಮನೆಯಿಂದ ನಮ್ಮ ಮನೆಗೆ ಮುನ್ನೂರು ಹೆಜ್ಜೆ. ಹದಿನೆಂಟು ಸಲ ಎಳೆದು, ಓಡಿ, ಸಮಯಕ್ಕೆ ಮುಟ್ಟಿದ್ದೆ.

ಹೋದ ತಿಂಗಳು ಒಂದು ಸಂಜೆ ಉತ್ತರ ಕೆಂಪಾಯಿತು. ಎಳೆದೆ, ಓಡಿದೆ. ದೀಪ ಆರಿದ ಕೂಡಲೇ ಹೊರಸು, ಅಂದರೆ ಹಗ್ಗದ ಮಂಚ, ತಂದು ಓಣಿಯಲ್ಲಿ ಹಾಕಿ ಹರಟುವುದು ನಮ್ಮವರ ರೂಢಿ. ಒಂದು ಹೊರಸಿನ ಕಾಲಿಗೆ ಎಡವಿ ಬಿದ್ದೆ, ಮೊಣಕಾಲಿಗೆ ಪೆಟ್ಟಾಗಿ ನಿಲ್ಲಲಾಗಲಿಲ್ಲ. ತೆವಳಿ ಹೋಗಿ ತಿದಿ ಒತ್ತಿದೆ. ಬಹಳ ಹೊತ್ತು ಒತ್ತಿದೆ. ಅಂಬು ಏಳಲಿಲ್ಲ.

ಮರುದಿನ ತಿಳಿಯಿತು, ಅದು ಸೂರ್ಯನ ಕೆಂಪಲ್ಲ. ಉತ್ತರದ ಹೊಲದಲ್ಲಿ ಯಾರೋ ಕಬ್ಬಿನ ಒಣಗಿದ ಗರಿ, ರವದಿ, ಸುಟ್ಟಿದ್ದರು.

ನಿಯಮ ಪಾಲಿಸಿದೆನೆಂದು ಊರು ನನ್ನನ್ನು ಹೊಗಳಿತು. ಬೈದಿದ್ದರೆ ಚೆನ್ನಾಗಿತ್ತು. ಅಳು ಬಂದಿಲ್ಲ. ರೊಟ್ಟಿ ತಿನ್ನುತ್ತೇನೆ, ಮಲಗಿದರೆ ನಿದ್ದೆಯೂ ಬರುತ್ತದೆ.

ನನ್ನ ವಿನಂತಿ ಇಷ್ಟು. ಸೂರ್ಯನ ಕೆಂಪಿನೊಳಗಿಂದ ನಕ್ಷತ್ರ ಕಾಣುತ್ತವೆ, ಹೊಗೆಯೊಳಗಿಂದ ಕಾಣುವುದಿಲ್ಲ. ಮೊದಲು ನಕ್ಷತ್ರ ಹುಡುಕಿ. ಊರು ಕೂಗಾಡಿದರೆ ಕೂಗಾಡಲಿ. ಇನ್ನೊಂದು, ಕೊಂಡಿ ಹಿಡಿದವರು ತಿದಿ ಹಿಡಿಯಬೇಡಿ, ಒಡಹುಟ್ಟಿದವರು ಬೇಡಿಕೊಂಡರೂ.

ಇವತ್ತು ನಿಜವಾದ ಕೆಂಪು ಬಂದಿದೆ. ಅದರೊಳಗೆ ಏಳು ನಕ್ಷತ್ರ ಎಣಿಸಿ ಕೊಂಡಿ ಎಳೆದೆ. ಬಾಗಿಲ ತನಕ ಓಡಿದೆ. ಆಮೇಲೆ ತಿರುಗಿ ಬಂದು, ಎಣ್ಣೆದೀಪ ಹಚ್ಚಿಕೊಂಡು, ಇದನ್ನು ಬರೆಯಲು ಕೂತೆ.

ಸುಗಲಾಬಾಯಿ