ಬಾಣಂತಿ ಬಗ್ಗಿಸಿದ ಚಹಾ

ಜಿಲ್ಲೆಯ ‘ಬಾಣಂತಿ ಆಸರೆ’ ಯೋಜನೆಯ ಮುಖ್ಯಸ್ಥರಿಗೆ.

ಮಾನ್ಯರೇ,

ನಿಮ್ಮ ಇಲಾಖೆಯ ನಾಲ್ವರು ನಮ್ಮ ಮನೆಗೆ ಬಂದರು. ಹೊಟ್ಟೆ ಕೊಯ್ಸಿಕೊಂಡು ಹೆತ್ತು ಒಂಬತ್ತೇ ದಿನವಾಗಿದ್ದ ನನ್ನ ಸೊಸೆಯ ಕೈಯಲ್ಲಿ ಒಂದೂವರೆ ಗಂಟೆ ಚಹಾ ಬಗ್ಗಿಸಿಕೊಂಡು ಕುಡಿದರು. ಆಮೇಲೆ, ಈಕೆಗೆ ಯಾರ ಸಹಾಯವೂ ಬೇಕಿಲ್ಲ ಎಂದು ವರದಿ ಬರೆದು ಹೋದರು. ಸಹಾಯ ಕೇಳಿದವರ ಮನೆಯಲ್ಲಿ ಚಹಾ ಕುಡಿಯುವುದು ತಪ್ಪಲ್ಲ. ಆದರೆ ಸಹಾಯಕ್ಕೆ ಬದಲಾಗಿ ಚಹಾ ಕುಡಿದು ಹೋಗುವುದನ್ನು ಏನೆಂದು ಕರೆಯಬೇಕೋ, ಮೂವತ್ತೊಂದು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದ ನನಗೆ ತಿಳಿಯುತ್ತಿಲ್ಲ. ಹೇಸಿಗೆ ಎಂಬ ಮಾತು ಬಾಯಿಗೆ ಬರುತ್ತದೆ. ಸದ್ಯಕ್ಕೆ ಅದನ್ನೇ ಇಟ್ಟುಕೊಳ್ಳೋಣ.

ಈ ಪತ್ರವನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ, ವಾದ ನೆಟ್ಟಗಿದೆ. ಸೊಸೆ ಅಕ್ಬೋಟಾಳ ಹೆರಿಗೆಗೆ ಮೂರು ದಿನ ಇರುವಾಗ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡೆ. ಬಾಣಂತನ ಮಾಡಬೇಕಾದವಳಿಗೇ ಬಾಣಂತನ ಬೇಕಾಯಿತು. ಮಗ ದೌಲೆತ್ ದೂರದ ಎಣ್ಣೆ ಬಾವಿಯಲ್ಲಿ ತಿಂಗಳ ಪಾಳಿ ಮಾಡುವವನು. ಮಗುವಿನ ಮುಖ ನೋಡಿ, ಬಾಣಂತಿಗೆ ಕಲ್ಜಾ ಸಾರಾಗಲೆಂದು ಕುರಿ ಕಡಿದುಕೊಟ್ಟು, ನಾಲ್ಕನೆಯ ದಿನ ಅಳುತ್ತಾ ರೈಲು ಹತ್ತಿದ. ಬೀಗಿತ್ತಿ ತೀರಿಕೊಂಡು ಎರಡು ವರ್ಷವಾಯಿತು. ಒಲೆಗೆ ಕಲ್ಲಿದ್ದಲು ಹಾಕಬೇಕು, ಬೀದಿಯ ನಲ್ಲಿಯಿಂದ ನೀರು ತರಬೇಕು, ಬಟ್ಟೆ ಒಗೆಯಬೇಕು. ಮನೆಯಲ್ಲಿದ್ದುದು ಒಂದು ಹಸಿ ಮೈ, ಒಂದು ಮುರಿದ ಕೈ ಮತ್ತು ಒಂದು ಹಸುಗೂಸು. ಹೀಗಿರುವಾಗಲೇ ನಿಮ್ಮ ಯೋಜನೆಯ ಭಿತ್ತಿಪತ್ರ ಕಣ್ಣಿಗೆ ಬಿತ್ತು: “ನಲವತ್ತು ದಿನ ಅಮ್ಮನಿಗೆ ವಿಶ್ರಾಂತಿ, ಮನೆಗೆಲಸಕ್ಕೆ ನಮ್ಮ ಸಹಾಯಕಿ.” ಅರ್ಜಿ ಹಾಕಿದೆವು. ಅರ್ಜಿ ನಮ್ಮದು, ಮರ್ಜಿ ನಿಮ್ಮದು. ಒಂಬತ್ತನೆಯ ದಿನ ಪರಿಶೀಲನಾ ಸಮಿತಿ ಬಂತು.

ಸಮಿತಿಯೆಂದರೆ ಅಧ್ಯಕ್ಷೆ, ದಾದಿ, ಗುಮಾಸ್ತ ಮತ್ತು ಹೊರಗೆ ಚಳಿಯೆಂದು ಒಳಗೆ ಬಂದ ಕಾರಿನ ಚಾಲಕ. ಹಾಸಿನ ಮೇಲೆ ಕಾಲು ಮಡಿಸಿ ಕೂತರು. ಮುಂದೆ ಏನಾಯಿತೆಂದು ನೀವು ಊಹಿಸಬಲ್ಲಿರಿ, ನೀವೂ ಕಜಕರ ಮನೆಯಲ್ಲೇ ಹುಟ್ಟಿದವರಲ್ಲವೇ? ಅತಿಥಿ ಕೂತರೆ ಚಹಾದ ನೀರು ಕುದಿಯುವ ಸಮೋವರಿನ ಪಕ್ಕ ಸೊಸೆ ಕೂರಬೇಕು. ಒಳಕೋಣೆಯಲ್ಲಿ ಮಲಗಿದ್ದ ಅಕ್ಬೋಟಾ ಎದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡಳು, ಗೋಡೆ ಹಿಡಿದು ಬಂದಳು, ಹೊಸ್ತಿಲಿನಲ್ಲಿ ಗೋಡೆ ಬಿಟ್ಟಳು. ಆ ಕೈ ಬಿಟ್ಟ ಗಳಿಗೆಯನ್ನು ನಿಮ್ಮ ಸಮಿತಿಯಲ್ಲಿ ಒಬ್ಬರಾದರೂ ನೋಡಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಎಲ್ಲರೂ ಕರಿದ ಹಿಟ್ಟಿನುಂಡೆಯ, ಬೌರ್ಸಾಕಿನ, ತಟ್ಟೆ ನೋಡುತ್ತಿದ್ದರು.

ಚಹಾದ ನೇಮವೂ ನಿಮಗೆ ಗೊತ್ತು. ಗೌರವದ ಅತಿಥಿಗೆ ಬಟ್ಟಲಲ್ಲಿ ಅರ್ಧಕ್ಕಿಂತ ಕಡಿಮೆ ಬಗ್ಗಿಸಬೇಕು. ಎರಡು ಗುಟುಕಿಗೆ ಬಟ್ಟಲು ಬರಿದಾಗುತ್ತದೆ, ಸೊಸೆಯ ಕೈಗೆ ಮರಳುತ್ತದೆ, ಮತ್ತೆ ಹೋಗುತ್ತದೆ. ಅಂಚಿನವರೆಗೆ ತುಂಬಿಸಿ ಕೊಟ್ಟರೆ ಅದು ಬೇರೆ ಮಾತು: ಇದನ್ನು ಕುಡಿದು ಎದ್ದು ಹೋಗಿ ಎಂದರ್ಥ. ಹೀಗಾಗಿ ಹೆಚ್ಚು ಗೌರವವೆಂದರೆ ಹೆಚ್ಚು ದುಡಿತ. ಚಹಾ ಬಗ್ಗಿಸುವವಳು ಪ್ರತಿ ಸಲ ತಾನೂ ಬಗ್ಗಬೇಕಲ್ಲ? ಹೊಟ್ಟೆಯ ಅಡ್ಡಕ್ಕೆ ಹೊಲಿಗೆ ಇರುವವಳು ಎಷ್ಟು ಸಲ ಬಗ್ಗಿದಳೆಂದು ನಿಮ್ಮ ವರದಿಯಲ್ಲಿಲ್ಲ. ಅಧ್ಯಕ್ಷೆಯವರು ಎಷ್ಟು ಸಲ ಹೊಗಳಿದರೆಂಬುದು ಮಾತ್ರ ನನಗೆ ನೆನಪಿದೆ.

“ಏನಮ್ಮಾ ಸೊಸೆಮುದ್ದು, ನಿನ್ ಕೈ ಚಹಾ ಕುಡಿದ್ರೆ ಎದ್ದು ಹೋಗೋಕೇ ಮನಸ್ಸು ಬರಲ್ವಲ್ಲೇ!”

“ಇನ್ನೊಂಚೂರು ತಗೊಳ್ಳಿ ಅಕ್ಕಾ,” ಅಂದಳು ಅಕ್ಬೋಟಾ, ನಗುತ್ತಾ.

ದಾದಿಗೆ ತನ್ನ ಕರ್ತವ್ಯ ನೆನಪಾಯಿತು. ಬೌರ್ಸಾಕನ್ನು ಒಂದು ದವಡೆಗೆ ಸರಿಸಿ, ಗುಮಾಸ್ತ ಮತ್ತು ಚಾಲಕ ಎಂಬ ಇಬ್ಬರು ಗಂಡಸರ ಎದುರಿಗೇ ಕೇಳಿದರು: “ಹೊಲಿಗೆ ಹೆಂಗಿದೆಯಮ್ಮಾ? ಕೀವು ಗೀವು?”

“ಏನಿಲ್ಲ ಅಕ್ಕಾ.”

“ಎದೇಲಿ ಹಾಲು ಬರ್ತಿದೆಯಾ?”

ಚಾಲಕ ಪಾಪ ಛಾವಣಿ ನೋಡತೊಡಗಿದ. ನಾಲ್ವರಲ್ಲಿ ಮಾನವಂತ ಅವನೊಬ್ಬನೇ. “ಬರ್ತಿದೆ ಅಕ್ಕಾ,” ಅಂದಳು ಸೊಸೆ, ಸಮೋವರಿನ ನಲ್ಲಿ ತಿರುಗಿಸುತ್ತಾ. ಮಾನ್ಯರೇ, ಆಕೆ ಇನ್ನೇನು ಹೇಳಬೇಕಿತ್ತು? ಲಂಗವೆತ್ತಿ ತೋರಿಸಬೇಕಿತ್ತೇ? ಬಾಗಿಲು ಮುಚ್ಚಿದ ಕೋಣೆಯೊಂದು ಹತ್ತು ಹೆಜ್ಜೆಯಲ್ಲೇ ಇತ್ತು. ಅಲ್ಲಿಗೆ ಹೋಗಲು ದಾದಿ ಏಳಬೇಕಿತ್ತು. ಎದ್ದಿದ್ದು ಬಾಣಂತಿ ಮಾತ್ರ. ಕೊನೆಗೆ ಬಾಣಂತಿಗೆಂದೇ ಕುದಿಸಿದ್ದ ಕಲ್ಜಾ ಸಾರೂ ಹೊರಬಂತು. ಒಂದು ಗುಟುಕು ಕುಡಿದು ಹರಸಿ ಹೋಗುವುದು ನಮ್ಮಲ್ಲಿ ವಾಡಿಕೆ. ನಿಮ್ಮ ಗುಮಾಸ್ತರು ಮೂರು ಸಲ ಹರಸಿದರು. ಸಮಿತಿಗೆ ಮಿತಿ ಇರಬೇಕೆಂದು ಯಾವ ನಿಯಮಾವಳಿಯೂ ಹೇಳುವುದಿಲ್ಲವೇ?

ಅವರು ಹೋದ ಮೇಲೆ ಅಕ್ಬೋಟಾ ಸಮೋವರಿನ ಪಕ್ಕದಿಂದ ಏಳಲಿಲ್ಲ.

“ಅತ್ತೆ, ಹೋದ್ರಾ? ಬಾಗಿಲು ಹಾಕಿದ್ರಾ?”

“ಹಾಕ್ದೆ ಕಣೇ. ಅಂಗಿ ಮೇಲೆ ಅದೇನು ಕಲೆ?”

“ಚಹಾ ಚೆಲ್ತು ಅತ್ತೆ.”

ನಾನು ನಂಬಿದೆ. ತರ್ಕಶಾಸ್ತ್ರದವಳು ನಂಬಿದೆ. ಹದಿಮೂರನೆಯ ದಿನ ಜ್ವರ ನೆತ್ತಿಗೇರಿ ಆಕೆ ಸತ್ತುಹೋದ ತನ್ನ ತಾಯಿಯನ್ನು ಕರೆಯತೊಡಗಿದಾಗ ಪಕ್ಕದ ಮನೆಯ ಕುಲ್ಯಾಶ್ ಓಡಿಬಂದು ಹೊದಿಕೆ ಸರಿಸಿ ನೋಡಿದಳು. ಹೊಲಿಗೆ ಬಾಯಿ ಬಿಟ್ಟು ಕೀವು ಕಟ್ಟಿತ್ತು. ಆಂಬುಲೆನ್ಸಿಗೆ ಕಾಯುತ್ತಾ ಕುಲ್ಯಾಶ್ ನನಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಊರಿಗೆಲ್ಲಾ ಬುದ್ಧಿ ಕಲಿಸ್ದೋಳು ನೀನು. ನಿನ್ ಬುದ್ಧೀನ ಯಾವ ಪೆಟ್ಟಿಗೇಲಿ ಬೀಗ ಹಾಕಿಟ್ಟಿದ್ದೆ?” ಆದರೂ ನಾನು ಬೈದದ್ದು ಸೊಸೆಯನ್ನೇ: “ನೀನ್ಯಾಕೆ ಎದ್ದು ಬಂದೆ ಹುಡುಗಿ? ನಾನು ಕರೆದ್ನಾ?” ಆಕೆ ಕಣ್ಣು ತೆರೆಯದೆ ಹೇಳಿದಳು: “ನೀವೂ ಬಟ್ಟಲು ಕೊಟ್ರಲ್ಲ ಅತ್ತೆ.”

ಕೊಟ್ಟಿದ್ದೆ. ಮಾನ್ಯರೇ, ಇದನ್ನು ಮುಚ್ಚಿಟ್ಟು ನಿಮ್ಮನ್ನು ಮಾತ್ರ ಬೈದರೆ ನನ್ನ ಪತ್ರವೂ ನಿಮ್ಮ ವರದಿಯಂತೆಯೇ ಆದೀತು. ನಾಲ್ಕು ಬಟ್ಟಲುಗಳ ಜೊತೆ ನನ್ನದೂ ಆಕೆಯ ಕೈಗೆ ಹೋಗಿ ಬರುತ್ತಿತ್ತು. ನನಗೂ ಅರ್ಧರ್ಧವೇ ಬಗ್ಗಿಸಿ ಗೌರವಿಸುತ್ತಿದ್ದಳು. ನಮ್ಮ ಸೊಸೆಯ ಕೈಗುಣ ನೋಡಲಿ ಎಂಬ ಒಂದು ಹೆಮ್ಮೆ ನನ್ನ ಒಳಗೆಲ್ಲೋ ಕಾಲು ಮಡಿಸಿ ಕೂತಿತ್ತು. ಹೇಸಿಗೆ ಎಂದೆನಲ್ಲ, ಆ ಹೆಮ್ಮೆಗೂ ಅದೇ ಮಾತು. ಆದರೆ ನನಗೆ ಸರ್ಕಾರ ಸಂಬಳ ಕೊಟ್ಟು, ಕಾರು ಕೊಟ್ಟು, ಬಾಣಂತಿಯನ್ನು ಪರೀಕ್ಷಿಸಿ ಬಾ ಎಂದು ಕಳಿಸಿರಲಿಲ್ಲ.

ಇನ್ನು ವರದಿ. ಹನ್ನೆರಡನೆಯ ದಿನ ಅಂಚೆಯಲ್ಲಿ ಬಂತು: “ಬಾಣಂತಿ ಚಟುವಟಿಕೆಯಿಂದಿದ್ದಾರೆ. ಅತಿಥಿಗಳನ್ನು ನಗುಮುಖದಿಂದ ಸತ್ಕರಿಸಿದರು. ಮನೆಯಲ್ಲಿ ಹಿರಿಯ ಮಹಿಳೆ ಇದ್ದಾರೆ. ಸಹಾಯಕಿಯ ಅಗತ್ಯ ಕಂಡುಬಂದಿಲ್ಲ.” ಮೊದಲ ವರ್ಷದ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಕಿವಿ ಹಿಂಡಿ ಮನೆಗೆ ಕಳಿಸುತ್ತಿದ್ದೆ. ಎದ್ದು ನಿಂತದ್ದೆಲ್ಲ ಆರೋಗ್ಯವಾಗಿದೆ ಎಂಬುದಾದರೆ ನಮ್ಮ ಬೇಲಿಗೂಟಕ್ಕೆ ಊರಿನಲ್ಲೇ ಉತ್ತಮ ಆರೋಗ್ಯ. ಇನ್ನು “ಹಿರಿಯ ಮಹಿಳೆ” ಇದ್ದುದು ನಿಜ. ಆಕೆಯ ಬಲಗೈಯ ಪ್ಲಾಸ್ಟರು ಹಾಸಿನ ಮೇಲೆ ಸಕ್ಕರೆ ಬಟ್ಟಲಿನ ಪಕ್ಕದಲ್ಲೇ ಇತ್ತು. ಅಧ್ಯಕ್ಷೆ ಅದನ್ನು ದಾಟಿ ಕೈಚಾಚಿ ಸಕ್ಕರೆ ತೆಗೆದುಕೊಂಡರು.

ನಿಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿದ ಹುಡುಗಿ ಬಹಳ ವಿನಯವಂತೆ.

“ಅಮ್ಮಾ, ವರದೀಲಿ ನಗ್ತಾ ಇದ್ರು ಅಂತ ಇದೆಯಲ್ಲಾ.”

“ನಗದೇ ಇದ್ದಿದ್ರೆ ಸಹಾಯಕಿ ಕಳಿಸ್ತಿದ್ರಾ?”

“ಇಲ್ಲಮ್ಮಾ, ಅದು ಮನೇಲಿ ಮನಸ್ತಾಪ ಅಂತ ಆಗುತ್ತೆ. ಅದಕ್ಕೆ ಬೇರೆ ವಿಭಾಗ.”

ಮಗುವಿನ ಕತ್ತು ಬೇಗ ನಿಲ್ಲಲೆಂದು ಕಲ್ಜಾ ಕುರಿಯ ಕತ್ತಿನ ಮೂಳೆಯನ್ನು ಗೋಡೆಗೆ ತೂಗುಹಾಕಿದ್ದೇವೆ. ನಲವತ್ತು ದಿನ ಅದು ಅಲ್ಲೇ ಇರುತ್ತದೆ. ನಿಮ್ಮ ಇಲಾಖೆಯ ಬೆನ್ನು ನಿಲ್ಲಲು ಯಾವ ಪ್ರಾಣಿಯ ಯಾವ ಮೂಳೆ ತೂಗುಹಾಕಬೇಕೋ ತಿಳಿಸಿ, ದೌಲೆತ್ ಬಂದಾಗ ಹುಡುಕಿಸುತ್ತೇನೆ.

ಆರು ದಿನ ಆಸ್ಪತ್ರೆಯಲ್ಲಿದ್ದು ಅಕ್ಬೋಟಾ ಮನೆಗೆ ಬಂದಿದ್ದಾಳೆ. ಆ ಆರು ದಿನ ಮಗು ಕುಲ್ಯಾಶಳ ಮಡಿಲಲ್ಲಿ ಬಾಟಲಿ ಹಾಲು ಕುಡಿಯಿತು. ಈಗ ಎದೆ ಹಿಡಿಯಲು ಮುನಿಸು ಮಾಡುತ್ತಿದೆ. ಇಂದಿಗೆ ಇಪ್ಪತ್ತೆರಡನೆಯ ದಿನ. ಹೊಲಿಗೆ ಇನ್ನೊಮ್ಮೆ ಬಿಟ್ಟರೆ ಮತ್ತೆ ಕೊಯ್ಯಬೇಕಾಗುತ್ತದೆ, ನೀರಿನ ಬಕೆಟ್ಟು ಮುಟ್ಟಬಾರದು ಎಂದು ವೈದ್ಯರು ಹೇಳಿದ್ದಾರೆ. ಬಕೆಟ್ಟು ತಾನಾಗಿ ನಡೆದು ಬರುವುದಿಲ್ಲ. ಕುಲ್ಯಾಶಳಿಗೂ ಅವಳದೇ ಸಂಸಾರವಿದೆ. ನಮ್ಮ ಮೇಲ್ಮನವಿಗೆ ಉತ್ತರವಾಗಿ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮರುಪರಿಶೀಲನಾ ಸಮಿತಿ ಬರುವುದೆಂದು ತಿಳಿಸಿದ್ದೀರಿ. ಸದಸ್ಯರು ಅದೇ ನಾಲ್ವರು.

ಬರಲಿ. ನನ್ನ ಬೇಡಿಕೆ ಸಣ್ಣದು. ಆ ವರದಿಯನ್ನು ಹರಿದು ಹಾಕಿ. ಉಳಿದಿರುವ ಹದಿನೆಂಟು ದಿನಕ್ಕೆ, ಭಿತ್ತಿಪತ್ರದಲ್ಲಿ ನೀವೇ ಬರೆಸಿದಂತೆ, ಒಬ್ಬ ಸಹಾಯಕಿಯನ್ನು ಕಳಿಸಿ. ದಾದಿ ಬೂಟು ಕಳಚಿ ಕೈ ತೊಳೆದು ನೇರ ಒಳಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಗಾಯವನ್ನು ಕಣ್ಣಾರೆ ನೋಡಲಿ. ಅಕ್ಬೋಟಾ ಏಳುವುದಿಲ್ಲ. ಏಳಬಾರದೆಂದು ಆಣೆ ಹಾಕಿಸಿಕೊಂಡಿದ್ದೇನೆ. “ಹಂಗಾದ್ರೆ ಅತಿಥಿಗಳಿಗೆ ಚಹಾ ಯಾರು ಕೊಡ್ತಾರೆ ಅತ್ತೆ?” ಎಂದು ಮಲಗಿದಲ್ಲಿಂದಲೇ ಕೇಳಿದಳು, ಹುಚ್ಚುಹುಡುಗಿ.

ನಾನೇ ಕೊಡುತ್ತೇನೆ ಮಾನ್ಯರೇ. ಎಡಗೈಯಲ್ಲಾದರೂ ಪರವಾಗಿಲ್ಲ. ಕೆಲಸ ಮುಗಿಸಿ ಬಂದವರಿಗೆ ಅರ್ಧ ಬಟ್ಟಲು ಕೊಡುತ್ತೇನೆ, ಬೇಕಾದಷ್ಟು ಸಲ. ಬಂದವರೇ ಹಾಸಿನ ಮೇಲೆ ಕೂತರೆ ನಾಲ್ಕು ಬಟ್ಟಲುಗಳನ್ನೂ ಅಂಚಿನವರೆಗೆ ತುಂಬಿಸಿ ಇಡುತ್ತೇನೆ. ಅದರ ಅರ್ಥವನ್ನು ವರದಿಯಲ್ಲಿ ಬರೆದುಕೊಳ್ಳಲು ಗುಮಾಸ್ತರಿಗೆ ಹೇಳಿ.

ಇಂತಿ,
ಜೇನುಸಕ್ಕರೆ ಎಂಬ ಅರ್ಥದ ಹೆಸರು ಹೊತ್ತೂ ಇಷ್ಟು ಕಹಿ ಬರೆಯಬೇಕಾದವಳು,
ಆ ದಿನ ಬಟ್ಟಲು ಚಾಚಿದ ಐದನೆಯವಳು,
ಬಾಲ್‌ಶೆಕೇರ್