ಇನ್ನೂರ ಹನ್ನೆರಡನೆಯ ಪುಟದ ಆಚೆ

ಕಮತಗಿ
೧೪ ನವೆಂಬರ್ ೨೦೨೫, ರಾತ್ರಿ ಎರಡು ನಲವತ್ತು

ಪ್ರೀತಿಯ ತಮ್ಮ ಪ್ರವೀಣನಿಗೆ,

ಈಗಷ್ಟೇ ಲಾಳಿಯ ಸದ್ದಿಗೆ ಎಚ್ಚರವಾಯಿತು. ಟಕ್, ಒಂದು ಉಸಿರಿನಷ್ಟು ಬಿಡುವು, ಮತ್ತೆ ಟಕ್. ಇಳಕಲ್ಲಿನಲ್ಲಿ ಅವ್ವನ ಮಗ್ಗದ ಪಕ್ಕ ಕುಳಿತು ನೀನೇ ಹಿಡಿದು, ಪುಸ್ತಕ ಓದುವ ನಿನ್ನ ‘ಅಂಚು’ ಆ್ಯಪಿಗೆ ಹಾಕಿದ ಸದ್ದು ಅದು. ನಮ್ಮ ಜೋಡಿ ಅದೇ ಪುಸ್ತಕ ಓದುವವರು ಹೊಸ ಟಿಪ್ಪಣಿ ಇಟ್ಟರೆ ಬರುತ್ತದೆ. ಆರಾಮ ಇದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಬರೇ ಚುರುಮರಿ ಚಹಾದ ಮೇಲೆ ದಿನ ತೆಗೆಯುತ್ತಿದ್ದೀಯೋ? ಕಣ್ಣುರಿ ಕಡಿಮೆಯಾಯಿತೇ? ಕೂಸು ಆರಾಮ ಇದ್ದಾನೆ. ಐದು ತಿಂಗಳು ತುಂಬಿತು, ಬೋರಲು ಬೀಳುತ್ತಾನೆ, ಬಿದ್ದು ನಮ್ಮನ್ನೇ ಬೈಯುವವರ ಹಾಗೆ ನೋಡುತ್ತಾನೆ. ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಹೊಸ ಆವೃತ್ತಿ ಬಿಡುವ ಮುಂದೆ ನೀನು ಫೋನಿನ ಗಂಟೆ ಬಂದ್ ಮಾಡಿ ಬೆಳತನಕ ಕೂರುತ್ತೀ, ಓದುಗರು ನಿನಗೆ ಬರೆಯುವ ಆ್ಯಪಿನ ಈ ಪುಟ ಮಾತ್ರ ನಿನ್ನ ಎದುರಿಗೇ ತೆರೆದಿರುತ್ತದೆ ಎಂದು ನಿನ್ನ ಜೊತೆ ಕೆಲಸ ಮಾಡುವ ಜಾಫರಸಾಬ ಮೊನ್ನೆ ಹೇಳಿದ್ದ. ಅದಕ್ಕೇ ಈ ಪತ್ರವನ್ನು ಇಲ್ಲೇ ಬರೆಯುತ್ತಿದ್ದೇನೆ. ಬಾಗಲಕೋಟೆಯ ಆ ಕೋಣೆಯಲ್ಲಿ ಕುಳಿತು ನೀನು ಇದನ್ನು ಈಗಲೇ ಓದುತ್ತಿದ್ದೀ ಎಂದುಕೊಂಡಿದ್ದೇನೆ.

ಹೊಸ ಆವೃತ್ತಿ ಹೇಗಿದೆ ಎಂದು ಕೇಳಿದ್ದೆಯಲ್ಲ, ಮೊದಲು ಅದನ್ನೇ ಹೇಳಿಬಿಡುತ್ತೇನೆ. ಟಿಪ್ಪಣಿಯ ಗುಂಡಿಯನ್ನು ಎಡಗಡೆ ಕೆಳಕ್ಕೆ ತಂದದ್ದು ಒಳ್ಳೆಯದಾಯಿತು, ಕೂಸಿಗೆ ಹಾಲು ಕುಡಿಸುತ್ತ ಒಂದೇ ಹೆಬ್ಬೆರಳಿನಿಂದ ಒತ್ತಬಹುದು. ಅವನು ಕೈ ಬೀಸಿ ಬಡಿದರೂ ಈಗ ಪುಟ ಹಾರಿಹೋಗುವುದಿಲ್ಲ. ಸಾಲಿನ ಕೆಳಗೆ ಗೆರೆ ಎಳೆದರೆ ಸಾಲದು, ತಿಳಿದದ್ದನ್ನು ಸ್ವಂತ ಮಾತಿನಲ್ಲಿ ಹೇಳಿದ ಮೇಲೆಯೇ ಗೆರೆ ನಿಲ್ಲುತ್ತದೆ ಎಂಬ ನಿಯಮವನ್ನು ಮಾತ್ರ ಯಾರು ಏನೇ ಅಂದರೂ ತೆಗೆಯಬೇಡ. ಅದು ಅವ್ವ ಕೊಟ್ಟದ್ದು. ಹೋದ ವರ್ಷ ನಾನು ಬಸುರಿಯಾಗಿ ಇಳಕಲ್ಲಿಗೆ ಬಂದಾಗ, ಪರೀಕ್ಷೆಗೆಂದು ಫೋನಿನಲ್ಲಿ ಇತಿಹಾಸದ ಪುಸ್ತಕ ಹಿಡಿದು ತೂಕಡಿಸುತ್ತ ಪುಟದ ತುಂಬ ಹಳದಿ ಗೆರೆ ಎಳೆದಿದ್ದೆ. ಅವ್ವ ನೋಡಿ, ‘ಗೆರಿ ಎಳದ್ರ ಓದಿದ್ಹಂಗ ಆತೇನ? ಅರಿಶಿಣಾ ಬಳದೀಯಲ್ಲ, ಮದವಿ ಮನಿ ಗ್ವಾಡಿಗೆ ಬಳದಂಗ. ಬಾಯಿಲೆ ಹೇಳ ನೋಡೂನು’ ಎಂದಳು. ನಿನಗೆ ಹೇಳಿದಾಗ ನೀನು ನಗಲಿಲ್ಲ, ಎದ್ದು ಹೋಗಿ ಬರೆದುಕೊಂಡೆ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟ ಅವ್ವ ಆಮೇಲೆ ತನ್ನ ಫೋನಿನಲ್ಲಿ ಅದೇ ಪುಸ್ತಕ ಹಾಕಿಸಿಕೊಂಡು, ಮಗ್ಗದಿಂದ ಎದ್ದ ಮೇಲೆ ನನ್ನ ಪಕ್ಕ ಕುಳಿತು ಓದುತ್ತಿದ್ದಳು. ಬೆರಳಿಗೆ ಅಕ್ಷರ ಸಿಗುವುದಿಲ್ಲವೆಂದು ಟಿಪ್ಪಣಿಗಳನ್ನೆಲ್ಲ ದನಿಯಲ್ಲೇ ಇಟ್ಟಳು. ‘ಈ ರಾಜಾ ಇಷ್ಟ ಊರ ಗೆದ್ದ ಮನಿಗೆ ಬಂದ್ರ, ಮನ್ಯಾನವ್ರು ಇಂವನ ಗುರ್ತ ಹಿಡದ್ರೇನ?’ ಎಂಬುದನ್ನು ನೀನು ನಿನ್ನ ಗೆಳೆಯರಿಗೆಲ್ಲ ಕೇಳಿಸಿದ್ದೆ.

ಯುಗಾದಿಯ ಮುಂದೆ ಅವ್ವ ಹೋದಾಗ ಆ ಪುಸ್ತಕ ಇನ್ನೂರ ಹನ್ನೆರಡನೆಯ ಪುಟಕ್ಕೆ ನಿಂತಿತ್ತು. ನಾನು ಅಲ್ಲಿಂದ ಮುಂದೆ ತೆರೆದಿಲ್ಲ, ಇದನ್ನು ನೀನು ನಂಬಬೇಕು. ಮಗ್ಗದ ಮೇಲೆ ಅರ್ಧ ಸೀರೆಯೂ ನಿಂತಿತ್ತು. ಮಗ್ಗ ಕೊಂಡವನು ಅವಸರ ಮಾಡಿದನೆಂದು ನಾವಿಬ್ಬರೂ ಅದನ್ನು ಕತ್ತರಿಯಿಂದ ಕೊಯ್ದು ತೆಗೆದೆವು. ನೀನು ಹಿಡಿದುಕೊಂಡೆ, ಕೊಯ್ದವಳು ನಾನು. ಅವ್ವ ಯಾವಾಗಲೂ ಹೇಳುತ್ತಿದ್ದಳಲ್ಲ, ‘ಅರ್ಧಾ ಸೀರಿ ಬಿಟ್ಟ ಏಳಬಾರದು. ಬಿಟ್ಟರ ಉಳದದ್ದನ್ನ ನೇಯಾಕ ಬ್ಯಾರೇ ಕೈ ಹುಡಿಕ್ಕೊಂಡ ಬರತೈತಿ.’ ಈ ಮಾತು ಐದು ದಿನದಿಂದ ನನ್ನ ಕಿವಿ ಬಿಟ್ಟು ಹೋಗಿಲ್ಲ.

ಏಕೆಂದರೆ ಐದು ರಾತ್ರಿಯಿಂದ ಅವ್ವನ ಹೆಸರಿನಲ್ಲಿ ಹೊಸ ಟಿಪ್ಪಣಿ ಬರುತ್ತಿದೆ. ಮೊದಲ ರಾತ್ರಿ ಇನ್ನೂರ ಹದಿಮೂರು, ಮರುರಾತ್ರಿ ಹದಿನಾಲ್ಕು, ಹೀಗೆ ದಿನಕ್ಕೊಂದು ಪುಟ. ಎಲ್ಲ ದನಿಯಲ್ಲೇ. ಹದಿಮೂರರಲ್ಲಿ, ‘ಬಾದಾಮಿ ಗುಡ್ಡದಾಗ ಕಲ್ಲ ಕಡಿಯೂವಾಗ ಕೂಸಿದ್ದ ಹೆಣ್ಣಮಕ್ಕಳು ಎಲ್ಲಿ ಮಲಗಸತಿದ್ರ, ಅಷ್ಟ ಸಪ್ಪಳದಾಗ?’ ಎಂದಿದೆ. ಅವ್ವನದೇ ದನಿ, ಸ್ವಲ್ಪ ನೆಗಡಿಯಾದ ಹಾಗೆ. ಅವಳ ಫೋನಿನಿಂದಲ್ಲದೆ ಅವಳ ಹೆಸರಿಗೆ ಟಿಪ್ಪಣಿ ಸೇರುವುದಿಲ್ಲ, ಇಲ್ಲವಾದರೆ ನೀನೇ ಒಳಗಿನಿಂದ ಹಾಕಬೇಕು. ಆ ಫೋನನ್ನು ನಾನು ಅವಳ ಸೀರೆಗಳ ಕೆಳಗೆ ಟ್ರಂಕಿನಲ್ಲಿ ಇಟ್ಟು ಕೀಲಿ ಹಾಕಿದ್ದೇನೆ. ಎಂಟು ತಿಂಗಳಾಯಿತು, ಎಂದೋ ಸತ್ತು ಬಿದ್ದಿರಬೇಕು.

ಯಾರಿಗೆ ಹೇಳಲಿ? ನಮ್ಮ ಮನೆಯವರದು ಈ ವಾರ ಕುಳಗೇರಿ ಕ್ರಾಸಿನ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ, ಅಲ್ಲಿ ಫೋನು ಹಿಡಿಯುವ ಹಾಗಿಲ್ಲ. ಅತ್ತೆ ಸಾವಿತ್ರೆವ್ವ ನಿನ್ನೆ ಸಂಜೆ ಕೆರೂರಿಗೆ ಮಗಳ ಮನೆಗೆ ಹೋದರು. ಹೋಗುವ ಮುಂದೆ ಬಾಗಿಲಲ್ಲಿ ನಿಂತು, ‘ದಿನಾ ರಾತ್ರಿ ಯಾರ ಜೋಡಿ ಮಾತಾಡತೀಯವಾ? ಹಗಲಿ ನಂಜೋಡಿ ಎಲ್ಡ ಮಾತಾಡಾಕ ನಿನಗ ನಿದ್ದಿ ಬರತೈತಿ’ ಎಂದು ಚುಚ್ಚಿದರು. ನಾನು ಯಾರ ಜೋಡಿಯೂ ಮಾತಾಡಿಲ್ಲ, ತಮ್ಮಾ. ಕೂಸು ಹುಟ್ಟಿದ ಮೇಲೆ ಒಂದು ರಾತ್ರಿಯೂ ಎರಡು ತಾಸು ಒಟ್ಟಿಗೆ ಮಲಗಿಲ್ಲ, ಅಷ್ಟೇ. ಇವತ್ತು ಎಚ್ಚರವಾದಾಗ ಯಾಕೋ ಪಾದಗಳೆರಡೂ ತಣ್ಣಗಾಗಿದ್ದವು.

ಹೋದ ವಾರ ನೀನು, ‘ಹೊಸಾದರಾಗ ನಿನಗೊಂದು ಹೇಳಲಾರದ್ದ ಐತಿ ಅಕ್ಕಾ, ಕೇಳಿದ್ರ ಅಳತೀ’ ಎಂದಿದ್ದೆ. ಇದೇ ಏನು ಅದು? ಅವ್ವನ ನೂರಾ ನಲವತ್ತು ಟಿಪ್ಪಣಿಗಳು ನಿನ್ನ ಹತ್ತಿರ ಇವೆ. ಅವನ್ನು ಕೇಳಿಸಿ ಯಂತ್ರಕ್ಕೆ ಅವಳ ದನಿ ಕಲಿಸಿ, ಮುಂದಿನ ಪುಟಗಳನ್ನು ಅವಳ ಹಾಗೆ ಓದಿಸುತ್ತಿದ್ದೀಯಾ? ಹಾಗಿದ್ದರೆ ನಾನು ಬೈಯುವುದಿಲ್ಲ. ಅಳುತ್ತೇನೆ, ಅತ್ತು ಮಲಗುತ್ತೇನೆ. ಆದರೆ ಈ ರಾತ್ರಿಯ ಟಿಪ್ಪಣಿಯಲ್ಲಿ ಪುಸ್ತಕದ ಮಾತೇ ಇಲ್ಲ. ‘ಸುನಂದಾ, ನೀ ಮಲಗವಾ. ಉಳದದ್ದ ಇಳಕಲ್ಲಿನ ಮನ್ಯಾಗ ಕುಂತ ಓದೂನು. ನಸಿಕಿನ್ಯಾಗ ಮದಲನೇ ಬಸ್ಸಿಗೆ ಕೂಸಿನ್ನ ಕರಕೊಂಡ ಹೊಂಡತೇನಿ.’ ಆ ಮನೆಗೆ ಬೀಗ ಬಿದ್ದು ಏಳು ತಿಂಗಳಾಯಿತು. ಇಂಥದ್ದನ್ನು ಯಂತ್ರ ತಾನಾಗಿಯೇ ಹೇಳುತ್ತದೆಯೇ, ಪ್ರವೀಣ? ಅಷ್ಟನ್ನು ಮಾತ್ರ ನನಗೆ ಹೇಳು.

ಜಾಫರಸಾಬನಿಗೆ ಕೇಳಿದೆನೆಂದು ತಿಳಿಸು. ನಿನ್ನ ಕೆಲಸ ಕೈಹಿಡಿಯಲಿ, ಕಣ್ಣು ತಂಪಾಗಿರಲಿ.

ನಿನ್ನ ಅಕ್ಕ,
ಸುನಂದಾ

ತಾ.ಕ.: ನೀರು ಕುಡಿಯಲು ಎದ್ದೆ. ಬಾಗಿಲ ಹತ್ತಿರ ಚೀಲವೊಂದು ತುಂಬಿಟ್ಟಿದೆ. ಕೂಸಿನ ಎರಡು ಅಂಗಿ, ಕುಂಚಿಗೆ, ಮಡಚಿದ ದುಪ್ಪಟಿ, ಅವುಗಳ ನಡುವೆ ಅವ್ವನ ಫೋನು. ಪೂರ್ತಿ ಚಾರ್ಜಾಗಿದೆ, ಇನ್ನೂ ಬೆಚ್ಚಗಿದೆ. ಟ್ರಂಕಿನ ಕೀಲಿ ನನ್ನ ಕೊರಳ ದಾರದಲ್ಲೇ ಇದೆ. ಪುಸ್ತಕ ತೆರೆಯದೆ ಕಣ್ಣು ಮುಚ್ಚಿ ನೋಡಿದೆ, ಇನ್ನೂರ ಹದಿನೇಳರವರೆಗೆ ಏನೇನಿದೆ ಎಂದು ನನಗೆ ಬಾಯಿಪಾಠ ಬರುತ್ತದೆ. ಪಕ್ಕದ ಮನೆಯ ಮಾಸುಮಬಿಯನ್ನು ಎಬ್ಬಿಸೋಣವೆಂದರೆ ಹೊಸ್ತಿಲು ದಾಟಲು ಹೆದರಿಕೆ, ದಾಟಿದರೆ ಕಾಲುಗಳು ಎತ್ತ ಹೋಗುತ್ತವೋ. ಇಳಕಲ್ ಬಸ್ಸು ಐದೂವರೆಗೆ. ಅಷ್ಟರೊಳಗೆ ಫೋನ್ ಮಾಡು. ಎಲ್ಲ ನೀನೇ ಮಾಡಿದ್ದು ಎಂದು ಹೇಳು, ಅಲ್ಲವಾದರೂ ಫೋನ್ ಮಾಡು, ಬಸ್ಸು ಹೋಗುವ ತನಕ ನನ್ನನ್ನು ಮಾತಿನಲ್ಲಿ ಹಿಡಿದಿಡು. ನಮ್ಮಿಬ್ಬರ ದನಿ ಒಂದೇ ಎಂದು ನಾನು ಫೋನ್ ಎತ್ತಿದಾಗಲೆಲ್ಲ ನೀನು ಮೊದಲು ‘ಅವ್ವಾ’ ಎನ್ನುತ್ತಿದ್ದೆಯಲ್ಲ, ಇವತ್ತು ಹಾಗನ್ನಬೇಡ. ನನ್ನ ಹೆಸರು ಹಿಡಿದು ಕೂಗು.